ಹದಿನೇಳನೆಯ ಮನೆಯ ತೂಕ

ಹಾಲಿನ ಪಾತ್ರೆ ಎಲ್ಲಿಡಲಿ ಎಂದು ಹೆಂಡತಿ ಕೇಳಿದಾಗ ಬ್ರಶ್ಶಣ್ಣ ಕಿಟಕಿಯಾಚೆಯ ಮೋಡ ನೋಡುತ್ತ ನಿಂತಿದ್ದ. ಯಾರೋ ಆಕಾಶಕ್ಕೆ ಒಂದು ಕೋಟು ಬಿಳಿ ಹೊಡೆದು, ಎರಡನೆಯ ಕೋಟು ಹೊಡೆಯುವುದನ್ನು ಮರೆತು ಊಟಕ್ಕೆ ಹೋದ ಹಾಗಿತ್ತು. "ಅಲ್ಲೇ ಎಲ್ಲಾದ್ರೂ ಇಡು," ಎಂದ. ಅವಳು ಅಲ್ಲೇ ಎಲ್ಲೋ ಇಟ್ಟಳು. ಆ ಅಲ್ಲೇ ಎಲ್ಲೋ ಎಂಬುದು, ಹೈಸ್ಕೂಲಿನ ಮುಖ್ಯೋಪಾಧ್ಯಾಯಿನಿ ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ಳಿ ಎಂದು ಕೊಟ್ಟಿದ್ದ ನುಣುಪು ಕಾಗದದ ಮೇಲಿತ್ತು.

ಪಾತ್ರೆ ಎತ್ತಿದಾಗ ಕಾಗದದ ಒಂದು ಚೂರು ಅದರ ಜೊತೆಗೇ ಎದ್ದುಹೋಯಿತು. ಕಾಗದದಲ್ಲಿ ಇದ್ದದ್ದು ಧಾತುಗಳ ಆವರ್ತ ಕೋಷ್ಟಕ. ಅದರ ನೂರಹದಿನೆಂಟು ಮನೆಗಳಲ್ಲಿ ಹದಿನೇಳನೆಯದಕ್ಕೆ ಗ್ರಹಚಾರ ತಗಲಿತ್ತು. ಕ್ಲೋರಿನ್ ಎಂಬ ಹೆಸರು ಉಳಿದಿತ್ತು, ಅದರ ಕೆಳಗಿನ ತೂಕ ಹೋಗಿತ್ತು.

ಬ್ರಶ್ಶಣ್ಣ ಬೆಚ್ಚಿ ಅಡುಗೆಮನೆಗೆ ಓಡಿದ. ಪಾತ್ರೆ ಆಗಲೇ ಫಳಫಳ ಹೊಳೆಯುತ್ತ ಬೋರಲು ಮಲಗಿತ್ತು.

"ತಳದಲ್ಲಿ ಏನೋ ಅಂಕಿ ಇತ್ತಲ್ಲ?"

"ಇತ್ತು. ಉಲ್ಟಾ ಅಂಟ್ಕೊಂಡಿತ್ತು. ಉಜ್ಜಿದೆ."

"ಎಷ್ಟು ಅಂತ ನೋಡಿದ್ಯಾ?"

"ಪಾತ್ರೆ ಉಜ್ಜುವಾಗ ಯಾರಾದ್ರೂ ಪುಸ್ತಕ ಓದ್ದಂಗೆ ಓದ್ತಾರಾ ರೀ?"

ಬೇರೆ ದಿನವಾಗಿದ್ದರೆ ಇದು ಅಷ್ಟು ದೊಡ್ಡ ವಿಷಯವಾಗುತ್ತಿರಲಿಲ್ಲ. ಆದರೆ ಅವತ್ತು ನಾಲ್ಕು ಗಂಟೆಗೆ ಶಾಲೆಯ ಪ್ರಯೋಗಾಲಯದ ಗೋಡೆ ಅನಾವರಣವಾಗಬೇಕಿತ್ತು. ಒಂಬತ್ತು ದಿನದಿಂದ ಬ್ರಶ್ಶಣ್ಣ ಆ ಗೋಡೆಯ ಮೇಲೆ ಕೋಷ್ಟಕ ಬರೆಯುತ್ತಿದ್ದ. ಕಿಟಕಿಯ ಕಡೆ ಗೋಡೆ ತೇವ ಹಿಡಿದಿದ್ದರಿಂದ ಅಲ್ಲಿಯ ನಾಲ್ಕಾರು ಮನೆಗಳ ತೂಕ ಬರೆಯುವುದಷ್ಟೇ ಬಾಕಿ. ಅವುಗಳಲ್ಲಿ ಹದಿನೇಳನೆಯದೂ ಒಂದು.

ಇದರ ಹಿಂದೆ ಇನ್ನೊಂದು ಸಂಗತಿ ಇತ್ತು. ಬ್ರಶ್ಶಣ್ಣ ಇಪ್ಪತ್ತೆರಡು ವರ್ಷದಿಂದ ಹೆಸರು ಬರೆಯುತ್ತ ಬಂದವನು. ಡಾಕ್ಟರ ಹೆಸರು, ವಕೀಲರ ಹೆಸರು, ಕ್ಷೌರದಂಗಡಿಯ ಹೆಸರು, ಹಸಿರು ಗೇಟಿನ ಮನೆಯ ನಾಯಿಯ ಹೆಸರು. ಬೀದಿಯಲ್ಲಿ ನಡೆದರೆ ಎರಡೂ ಕಡೆ ಅವನ ಅಕ್ಷರವೇ. ಆದರೆ ಅವನ ಸ್ವಂತ ಹೆಸರು ಯಾವ ಗೋಡೆಯ ಮೇಲೂ ಇರಲಿಲ್ಲ. ಊರಿಗೆಲ್ಲ ಅವನು ಬ್ರಶ್ಶಣ್ಣ. ನಿಜವಾದ ಹೆಸರು ಗೊತ್ತಿದ್ದದ್ದು ಹೆಂಡತಿಗೆ, ಅವಳು 'ರೀ' ಎನ್ನುತ್ತಿದ್ದಳು. ಕೆಲಸ ಒಪ್ಪಿಕೊಂಡ ದಿನ ಅವನು ಕುತ್ತಿಗೆ ಕೆರೆದುಕೊಳ್ಳುತ್ತ, "ಮೇಡಂ, ಕೆಳಗೆ ಒಂದು ಕಡೆ ನನ್ನ ಹೆಸರು..." ಎಂದು ಅರ್ಧಕ್ಕೇ ನಿಲ್ಲಿಸಿದ್ದ. ಮುಖ್ಯೋಪಾಧ್ಯಾಯಿನಿ ಕನ್ನಡಕದ ಮೇಲಿಂದ ನೋಡಿ, "ನೂರಹದಿನೆಂಟರಲ್ಲಿ ಒಂದೂ ತಪ್ಪಿಲ್ಲದಿದ್ದರೆ ಬರಕೊಳ್ಳಿ. ಒಂದು ತಪ್ಪಿದ್ದರೂ ಇಲ್ಲ," ಎಂದಿದ್ದರು.

ಅಂದಿನಿಂದ ಅವನ ಕನಸಿನಲ್ಲೆಲ್ಲ ಆ ಹೆಸರು. ಒಮ್ಮೆ ನೀಲಿಯಲ್ಲಿ ಬರುತ್ತಿತ್ತು, ಒಮ್ಮೆ ಹಳದಿ ಅಂಚಿನ ಕೆಂಪಿನಲ್ಲಿ. ಒಂದು ಬೆಳಗಿನ ಜಾವ ಹೆಸರಿಗೆ ರೆಕ್ಕೆ ಬಂದು ಗೋಡೆಯಿಂದ ಗೋಡೆಗೆ ಹಾರುತ್ತಿತ್ತು, ಇವನು ಬ್ರಶ್ಶು ಹಿಡಿದು ಹಿಂದೆ ಓಡುತ್ತಿದ್ದ.

ಹೊರಡುವಾಗ ಹೆಂಡತಿ ಬಾಗಿಲ ತನಕ ಬಂದಳು. "ನಾಲ್ಕು ಗಂಟೆಗೆ ನಾನೂ ಬರ್ತೀನಿ. ಹೆಸರು ಬಾಗಿಲ ಪಕ್ಕದಲ್ಲೇ ಬರೀರಿ. ಒಳಗೆ ಕಾಲಿಟ್ಟ ತಕ್ಷಣ ಕಾಣಬೇಕು. ಅಲ್ಲೆಲ್ಲ ಜನರ ಮುಂದೆ ಹುಡುಕ್ಕೊಂಡು ನಿಲ್ಲೋಳಲ್ಲ ನಾನು."

"ಆಯ್ತು," ಎಂದ ಬ್ರಶ್ಶಣ್ಣ.

ಅವನ ಕಷ್ಟಗಳೆಲ್ಲ ಈ 'ಆಯ್ತು'ವಿನಿಂದಲೇ ಹುಟ್ಟುತ್ತಿದ್ದವು. ಯಾರ ಮಾತನ್ನೂ ತೆಗೆದುಹಾಕಲು ಅವನಿಗೆ ಮನಸ್ಸು ಬರುತ್ತಿರಲಿಲ್ಲ. ಇಬ್ಬರು ಎರಡು ಹೇಳಿದರೆ ನಡುವಿನದೊಂದನ್ನು ಹಿಡಿಯುತ್ತಿದ್ದ. ಸೈಕಲ್ ಅಂಗಡಿಯ ಅಣ್ಣ ಕೆಂಪು ಬೋರ್ಡು ಬೇಕೆಂದ, ತಮ್ಮ ನೀಲಿ ಎಂದ. ಬ್ರಶ್ಶಣ್ಣ ನೇರಳೆ ಬಳಿದ. ಆರು ವರ್ಷ ಮಾತು ಬಿಟ್ಟಿದ್ದ ಅಣ್ಣತಮ್ಮ ಅವತ್ತು ಒಂದಾಗಿ ಅವನನ್ನು ಬೈದರು. ಒಬ್ಬರು ನಾಲ್ಕಕ್ಕೆ ಬಾ, ಇನ್ನೊಬ್ಬರು ಐದಕ್ಕೆ ಬಾ ಎಂದರೆ ಅವನು ಇಬ್ಬರಿಗೂ ನೋವಾಗದ ಹಾಗೆ ನಾಲ್ಕೂವರೆಗೆ ಹೋಗಿ, ಮೊದಲನೆಯವರು ಬೀಗ ಹಾಕಿದ ಮೇಲೆ, ಎರಡನೆಯವರು ಬೀಗ ತೆಗೆಯುವ ಮೊದಲು, ಇಬ್ಬರ ಬಾಗಿಲನ್ನೂ ತಟ್ಟಿ ಬರುತ್ತಿದ್ದ.

ಪ್ರಯೋಗಾಲಯದ ಹೊರಗಿನ ಓಣಿಯಲ್ಲಿ ಎದೆಯೆತ್ತರದ ಕಬ್ಬಿಣದ ಬೀರುವೊಂದು ಒಂಬತ್ತು ದಿನದಿಂದ ಅಡ್ಡ ನಿಂತಿತ್ತು. ಬಣ್ಣದ ಕೆಲಸಕ್ಕೆಂದು ಅದನ್ನು ಒಳಗಿನಿಂದ ಎಳೆದು ಹಾಕಿದ್ದರು. ಹಾದುಹೋಗುವವರೆಲ್ಲ ಅದಕ್ಕೆ ಮೊಣಕೈ ತಗುಲಿಸಿಕೊಂಡು ಬ್ರಶ್ಶಣ್ಣನನ್ನು ನೆನೆಯುತ್ತಿದ್ದರು. ಒಳಗೆ ನೆಲದ ಮೇಲೆ ನಾಲ್ಕು ತುಕ್ಕಿನ ಗುರುತುಗಳಿದ್ದವು. ಬ್ರಶ್ಶಣ್ಣ ದಿನವೂ ಕೆಂಪು ಬಣ್ಣದ ತನ್ನ ನಾಲ್ಕು ಡಬ್ಬಿಗಳನ್ನು ಆ ನಾಲ್ಕು ಗುರುತಿನ ಮೇಲೆ ಇಡುತ್ತಿದ್ದ. ಡಬ್ಬಿಗಳಿಗೆ ಹೇಳಿ ಮಾಡಿಸಿದ ಜಾಗದ ಹಾಗಿತ್ತು.

ಒಳಗೆ ಅಟೆಂಡರು ಗಾಜಿನ ಕೊಳವೆ ತೊಳೆಯುತ್ತಿದ್ದ. ಹದಿನೆಂಟು ವರ್ಷ ಬಾಟಲಿ ತೊಳೆದು ತೊಳೆದೇ ಅರ್ಧ ರಸಾಯನಶಾಸ್ತ್ರ ಕಲಿತವನು ಅವನು. ಆ ಅರ್ಧ ಯಾವುದು ಎನ್ನುವುದು ಮಾತ್ರ ಯಾರಿಗೂ ಗೊತ್ತಿರಲಿಲ್ಲ.

"ಕ್ಲೋರಿನ್ ತೂಕ ಎಷ್ಟಿರಬಹುದು?" ಎಂದು ಬ್ರಶ್ಶಣ್ಣ, ಹವಾಮಾನ ವಿಚಾರಿಸುವವನಂತೆ, ಕೇಳಿದ.

"ಬಾಟಲಿ ಸೇರಿಸಿಯೋ, ಬಿಟ್ಟೋ?"

ಕಾಗದ ಹಾಳಾದ ಸುದ್ದಿ ಮುಖ್ಯೋಪಾಧ್ಯಾಯಿನಿಯ ಕಿವಿಗೆ ಬೀಳುವ ಹಾಗಿರಲಿಲ್ಲ. ಕೆಮಿಸ್ಟ್ರಿ ಮಿಸ್ಸನ್ನು ಕೇಳೋಣವೆಂದರೆ ಅವರು ಮಧ್ಯಾಹ್ನದವರೆಗೆ ಪರೀಕ್ಷೆಯ ಕೋಣೆಯಲ್ಲಿ. ಗುಟ್ಟು ತಿಳಿದ ಅಟೆಂಡರಿಗೆ ಉತ್ಸಾಹ ಬಂತು. ಓಣಿಯ ಬೀರುವಿನಿಂದ ಹಳೆಯ ಪಠ್ಯಪುಸ್ತಕವೊಂದನ್ನು ಹೊರತೆಗೆದ. ಅದರಲ್ಲಿ ಗೆದ್ದಲು ತಿಂದು ಉಳಿಸಿದ ಪುಟದಲ್ಲಿ ಎರಡು ಚಿತ್ರ. ಒಂದರ ಕೆಳಗೆ ಕ್ಲೋರಿನ್-35, ಇನ್ನೊಂದರ ಕೆಳಗೆ ಕ್ಲೋರಿನ್-37. ಮೇಲೆ 'ಐಸೋಟೋಪುಗಳು' ಎಂಬ ತಲೆಬರಹ. ವಿವರಣೆಯೆಲ್ಲ ಗೆದ್ದಲಿನ ಹೊಟ್ಟೆಯಲ್ಲಿತ್ತು.

ಅಷ್ಟು ಹೊತ್ತಿಗೆ ಪಿ.ಟಿ. ಮೇಷ್ಟ್ರು ಬಂದರು. ಬಿಸಿಲು ಏರಿದ ಮೇಲೆ ಪ್ರಯೋಗಾಲಯದ ತಣ್ಣನೆಯ ಕಲ್ಲಿನ ಮೇಜಿಗೆ ಬೆನ್ನು ಕೊಡುವುದು ಅವರ ದಿನಚರಿ. ಕುತ್ತಿಗೆಯಲ್ಲಿ ಸದಾ ಸೀಟಿ.

"ಮೂವತ್ತೈದೇ ಸರಿ," ಎಂದರು ಅವರು ಪುಸ್ತಕ ನೋಡಿ. "ಮೊದಲು ಬಂದೋನೇ ಮೊದಲು. ಓಟದಲ್ಲಿ ಬೇರೆ ನಿಯಮ ಇದೆಯಾ?"

"ಮೂವತ್ತೇಳು ಬರೀ ಬ್ರಶ್ಶಣ್ಣ," ಎಂದ ಅಟೆಂಡರು. "ಆಮೇಲೆ ತೂಗಿದ್ದು ಅದು. ಮೊದಲು ತೂಗಿದಾಗ ಪೂರ್ತಿ ಸಿಕ್ಕಿರಲ್ಲ, ಆಮೇಲೆ ಇನ್ನೆರಡು ಸಿಕ್ಕಿದೆ."

"ನಿಂಗೆ ಕೆಮಿಸ್ಟ್ರಿ ಏನಯ್ಯಾ ಗೊತ್ತು?"

"ನಿಮಗಿಂತ ಹದಿನೆಂಟು ವರ್ಷ ಜಾಸ್ತಿ ಗೊತ್ತು ಮೇಷ್ಟ್ರೆ."

ಬ್ರಶ್ಶಣ್ಣ ಇಬ್ಬರ ಮುಖವನ್ನೂ ನೋಡಿದ. ಇಬ್ಬರೂ ಒಳ್ಳೆಯವರು. ಸ್ಟೂಲು ಹತ್ತಿದ. ಹದಿನೇಳನೆಯ ಮನೆಯಲ್ಲಿ ಮೂವತ್ತಾರು ಎಂದು ಬರೆದ. ಉಳಿದ ತೂಕಗಳಿಗೆಲ್ಲ ಚುಕ್ಕಿಯ ನಂತರ ಎರಡಂಕಿ ಇದ್ದದ್ದರಿಂದ ಇದಕ್ಕೂ ಮುತ್ತಿನಂಥ ಎರಡು ಸೊನ್ನೆ ಸುತ್ತಿದ. ಇಡೀ ಗೋಡೆಯಲ್ಲಿ ಅಷ್ಟು ಚೆಂದದ ಸೊನ್ನೆಗಳಿರಲಿಲ್ಲ.

ಆಮೇಲೆ ಪಕ್ಕದ ಆರ್ಗಾನಿಗೆ ಕಾಗದದಲ್ಲಿದ್ದ ಹಾಗೆ 39.95 ಬರೆದ. ಅಲ್ಲಿಗೆ ಮುಗಿಯಬಹುದಿತ್ತು. ಆದರೆ ಪಿ.ಟಿ. ಮೇಷ್ಟ್ರು ಎದ್ದು, ಬೆಳಗಿನ ಪ್ರಾರ್ಥನೆಯ ಸಾಲುಗಳನ್ನು ನೋಡುವ ಹಾಗೆ, ಒಂದು ಕಣ್ಣು ಮುಚ್ಚಿ ಗೋಡೆ ನೋಡಿದರು. ಇಪ್ಪತ್ತು ವರ್ಷ ಮಕ್ಕಳನ್ನು ಎತ್ತರದ ಪ್ರಕಾರ ನಿಲ್ಲಿಸಿದ ಕಣ್ಣು ಅದು.

"ಬ್ರಶ್ಶಣ್ಣ, ಇಲ್ಲಿ ಸಾಲು ಕೆಟ್ಟಿದೆ."

"ಎಲ್ಲಿ ಮೇಷ್ಟ್ರೆ?"

"ಒಂದನೇ ನಂಬರಿಂದ ತೂಕ ಏರ್ತಾ ಬರ್ತಿದೆ. ಹದಿನೆಂಟನೇ ಆರ್ಗಾನು 39.95. ಹತ್ತೊಂಬತ್ತನೇ ಪೊಟ್ಯಾಸಿಯಂ 39.10. ದಪ್ಪಗಿರೋನು ಮುಂದೆ, ತೆಳ್ಳಗಿರೋನು ಹಿಂದೆ. ಅದಲುಬದಲು ಮಾಡು."

"ಕಾಗದದಲ್ಲಿ ಹಾಗೇ ಇದೆಯಲ್ಲ."

"ಪ್ರಿಂಟಿನೋನು ನಿದ್ದೆಗಣ್ಣಲ್ಲಿ ಹಾಕಿರ್ತಾನೆ. ಒಂದು ತಪ್ಪಿದ್ರೂ ಹೆಸರಿಲ್ಲ ಅಂದಿದಾರೆ, ಜ್ಞಾಪಕ ಇದೆಯಾ?"

ಅದು ಜ್ಞಾಪಕವಿದ್ದದ್ದೇ ತಪ್ಪಾಯಿತು. ಬ್ರಶ್ಶಣ್ಣ ಟರ್ಪೆಂಟೈನಿನಲ್ಲಿ ಬಟ್ಟೆ ಅದ್ದಿ, ಒಣಗಿ ವಾರವಾಗಿದ್ದ ಪೊಟ್ಯಾಸಿಯಂನ ತೂಕವನ್ನು ತಿಕ್ಕಿ ತಿಕ್ಕಿ ತೆಗೆದ. ಆರ್ಗಾನಿನದನ್ನು ಒರೆಸಿದ. ಎರಡರ ತೂಕವನ್ನೂ ಅದಲುಬದಲು ಬರೆದ. ಮೇಷ್ಟ್ರು ಸಮಾಧಾನದಿಂದ ಸಣ್ಣಗೆ ಸೀಟಿ ಊದಿದರು.

ಅವರಿಬ್ಬರೂ ಊಟಕ್ಕೆ ಹೋದ ಮೇಲೆ ಕೋಣೆ ಸದ್ದಡಗಿತು. ಕಿಟಕಿಯ ಬಿಸಿಲು ನೀಲಿ ಹಸಿರು ಬಾಟಲಿಗಳನ್ನು ಹಾದು ಗೋಡೆಯ ಮೇಲೆ ಬಣ್ಣಬಣ್ಣವಾಗಿ ಅಲುಗುತ್ತಿತ್ತು. ಬ್ರಶ್ಶಣ್ಣ ಸ್ಟೂಲಿನ ಮೇಲೆ ಕೂತು ಗೋಡೆಯನ್ನೇ ನೋಡಿದ. ನೋಡುತ್ತ ನೋಡುತ್ತ ಅದು ಗೋಡೆಯಾಗಿ ಉಳಿಯಲಿಲ್ಲ, ಒಂದು ಊರಾಯಿತು. ನೂರಹದಿನೆಂಟು ಮನೆಗಳ ಊರು. ಪ್ರತಿ ಬಾಗಿಲಿಗೂ ನಂಬರು, ಹೆಸರು. ಅವನು ಬ್ರಶ್ಶು ಹಿಡಿದು ಬೀದಿಯಲ್ಲಿ ನಡೆದ. ಚಿನ್ನದ ಮನೆಯವರು ಕಿಟಕಿ ಹಾಕಿಕೊಂಡಿದ್ದರು. ಪಾದರಸದ ಮನೆಯವರು ನಿಂತಲ್ಲಿ ನಿಲ್ಲುತ್ತಿರಲಿಲ್ಲ. ಹದಿನೇಳನೆಯ ಬಾಗಿಲು ತಟ್ಟಿದರೆ ಒಳಗಿನಿಂದ ಅಣ್ಣತಮ್ಮಂದಿರು ಹೊರಬಂದರು, ಎಲ್ಲರದೂ ಒಂದೇ ಮುಖ, ಒಂದೇ ಮೂಗು. "ನಿಮ್ಮಲ್ಲಿ ಮೂವತ್ತಾರು ತೂಗೋರು ಯಾರು?" ಎಂದು ಕೇಳಿದ. ಅವರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇದು ಮೂವತ್ತಾರು ಅಲ್ಲ," ಎಂದು ಯಾರೋ ಮೆಲ್ಲಗೆ ಹೇಳಿದರು.

ಬ್ರಶ್ಶಣ್ಣ ಕಣ್ಣು ಬಿಟ್ಟ. ಕೆಮಿಸ್ಟ್ರಿ ಮಿಸ್ಸು ಉತ್ತರಪತ್ರಿಕೆಯ ಕಟ್ಟನ್ನು ಎದೆಗವಚಿಕೊಂಡು ನಿಂತಿದ್ದರು. ಎರಡು ವರ್ಷದ ಹಿಂದಷ್ಟೇ ಕಾಲೇಜು ಮುಗಿಸಿದ ಹುಡುಗಿ. ತಪ್ಪು ಕಂಡುಹಿಡಿದವರಿಗೆ ಇರಬೇಕಾದ ಗತ್ತು ಅವರಲ್ಲಿರಲಿಲ್ಲ, ತಪ್ಪು ಮಾಡಿದವರ ಹಾಗೆ ನಿಂತಿದ್ದರು.

ಬ್ರಶ್ಶಣ್ಣ ಎಲ್ಲ ಒಪ್ಪಿಸಿದ. ಹಾಲಿನ ಪಾತ್ರೆ, ಗೆದ್ದಲು, ಮೇಷ್ಟ್ರ ಸೀಟಿ. ಕೊನೆಗೆ, "ಮೂವತ್ತೈದೂ ಇದೆ, ಮೂವತ್ತೇಳೂ ಇದೆ. ಯಾಕೆ ಜಗಳ ಅಂತ ನಡುವಿನದು ಹಾಕ್ದೆ ಮಿಸ್," ಎಂದ.

ಮಿಸ್ಸು ಅವನ ನಾಲ್ಕು ಡಬ್ಬಿಗಳನ್ನು ನೋಡಿದರು. ನಾಲ್ಕೂ ಕೆಂಪು ಬಣ್ಣದವು, ತುಕ್ಕಿನ ನಾಲ್ಕು ಗುರುತಿನ ಮೇಲೆ ಕೂತಿದ್ದವು. ಒಂದೊಂದಾಗಿ ಎತ್ತಿ ನೋಡಿ, ಕೊನೆಯದರ ಬಳಿ ನಿಂತರು.

"ಇದ್ಯಾಕೆ ಭಾರ ಇದೆ ಅಣ್ಣ?"

"ಹಳೇ ಡಬ್ಬಿ ಮಿಸ್. ತಳದಲ್ಲಿ ಬಣ್ಣ ಗಟ್ಟಿ ಕೂತಿದೆ."

"ಬರೆದ್ರೆ ಬೇರೆ ಬಣ್ಣ ಬರುತ್ತಾ?"

"ಇಲ್ಲ, ಅದೇ ಕೆಂಪು. ಗೋಡೆಗೇನು ಗೊತ್ತಾಗುತ್ತೆ, ಯಾವ ಡಬ್ಬಿದು ಅಂತ."

"ಐಸೋಟೋಪು ಅಂದ್ರೆ ಇಷ್ಟೇ," ಎಂದರು ಮಿಸ್ಸು. "ಎಲ್ಲಾ ಕ್ಲೋರಿನ್ನೇ. ಎಲ್ಲದರಲ್ಲೂ ಪ್ರೋಟಾನು ಹದಿನೇಳು, ಗುಣ ಒಂದೇ. ಕೆಲವಕ್ಕೆ ಮಾತ್ರ ಒಳಗೆ ಎರಡು ನ್ಯೂಟ್ರಾನು ಹೆಚ್ಚು. ಆ ನ್ಯೂಟ್ರಾನು ಜಗಳಕ್ಕೂ ಬರಲ್ಲ, ಸ್ನೇಹಕ್ಕೂ ಬರಲ್ಲ. ಸುಮ್ನೆ ಒಳಗೆ ಕೂತು ತೂಕ ಹೆಚ್ಚಿಸುತ್ತೆ."

"ಅಂಥ ಭಾವಮೈದ ಒಬ್ಬ ನಮ್ಮನೇಲೂ ಇದ್ದ ಮಿಸ್, ಆರು ತಿಂಗಳು."

ಮಿಸ್ಸು ನಕ್ಕರು, ಆಮೇಲೆ ನಕ್ಕದ್ದಕ್ಕೆ ನಾಚಿಕೊಂಡರು. "ಈಗ ಎರಡು ಥರ ಇವೆ ಅಂತ ನಡುವಿನದು ಹಿಡಿದ್ರೆ ಆಗಲ್ಲ. ಯಾವುದು ಎಷ್ಟಿದೆ ಅಂತ ಎಣಿಸಬೇಕು. ಲೋಕದಲ್ಲಿರೋ ಕ್ಲೋರಿನ್‌ನಲ್ಲಿ ಸುಮಾರು ಮುಕ್ಕಾಲು ಪಾಲು ಮೂವತ್ತೈದರದ್ದು. ಕಾಲು ಪಾಲು ಮೂವತ್ತೇಳರದ್ದು. ಈ ನಾಲ್ಕು ಡಬ್ಬಿ ಹಾಗೆ, ಮೂರು ಹಗುರ, ಒಂದು ಭಾರ. ಕೂಡಿ ನೋಡೋಣ."

ಸೀಮೆಸುಣ್ಣದಲ್ಲಿ ನೆಲದ ಮೇಲೆ ಬರೆದರು. ಮೂರು ಮೂವತ್ತೈದು, ನೂರೈದು. ಜೊತೆಗೆ ಮೂವತ್ತೇಳು, ನೂರನಲವತ್ತೆರಡು. ನಾಲ್ಕರಿಂದ ಭಾಗಿಸಿದರೆ ಮೂವತ್ತೈದೂವರೆ.

"ಪಾಲನ್ನೂ ತೂಕವನ್ನೂ ಇನ್ನಷ್ಟು ನಿಖರವಾಗಿ ಹಾಕಿದ್ರೆ 35.45. ನಿಮ್ಮ ಕಾಗದದಲ್ಲಿ ಇದ್ದದ್ದು ಅದೇ."

ಬ್ರಶ್ಶಣ್ಣ ನೆಲದ ಲೆಕ್ಕದಿಂದ ಡಬ್ಬಿಗಳ ಕಡೆ ತಿರುಗಿದ. "ಆದ್ರೆ ಮಿಸ್, ಮೂವತ್ತೈದೂವರೆ ತೂಗೋದು ಈ ನಾಲ್ಕರಲ್ಲಿ ಯಾವುದು?"

"ಯಾವುದೂ ಇಲ್ಲ."

"ಲೋಕದಲ್ಲಿ?"

"ಲೋಕದಲ್ಲೂ ಇಲ್ಲ. ಎಲ್ಲರ ಪರವಾಗಿ ಬಾಗಿಲ ಮೇಲೆ ಬರೆದಿರೋ ತೂಕ ಅದು. ಆ ತೂಕದವರು ಒಳಗೆ ಯಾರೂ ವಾಸ ಇಲ್ಲ."

ಪೊಟ್ಯಾಸಿಯಂನ ವಿಷಯವನ್ನೂ ಅವರು ಬಿಡಿಸಿದರು. ಸಾಲು ತೂಕದ್ದಲ್ಲ, ಪ್ರೋಟಾನಿನ ಎಣಿಕೆಯದ್ದು. ಆರ್ಗಾನಿನಲ್ಲಿ ಹೆಚ್ಚುಕಡಿಮೆ ಎಲ್ಲವೂ ನಲವತ್ತರವು, ಪೊಟ್ಯಾಸಿಯಂನಲ್ಲಿ ನೂರಕ್ಕೆ ತೊಂಬತ್ತಮೂರು ಮೂವತ್ತೊಂಬತ್ತರವು. ಅದಕ್ಕೇ ಹದಿನೆಂಟನೆಯವನ ತೂಕ ಹತ್ತೊಂಬತ್ತನೆಯವನಿಗಿಂತ ಹೆಚ್ಚು. ಬ್ರಶ್ಶಣ್ಣ ಪಿ.ಟಿ. ಮೇಷ್ಟ್ರನ್ನು ಮನಸ್ಸಿನಲ್ಲೇ ಒಂದು ಸಾಲಿನ ಕೊನೆಯಲ್ಲಿ ನಿಲ್ಲಿಸಿದ.

ಒರೆಸಿದ, ಬರೆದ. ಆರ್ಗಾನಿನ ತೂಕ ಹಳೆಯ ಜಾಗಕ್ಕೆ ಬಂತು, ಪೊಟ್ಯಾಸಿಯಂನದು ಹಳೆಯ ಜಾಗಕ್ಕೆ ಹೋಯಿತು. ಹದಿನೇಳನೆಯ ಮನೆಯಲ್ಲಿ ಮಾತ್ರ ಗಡಿಬಿಡಿಯಲ್ಲಿ ಒಮ್ಮೆ 34.55 ಎಂದೂ ಬಿತ್ತು. ಟರ್ಪೆಂಟೈನು ಮುಗಿದಿದ್ದರಿಂದ ಅದರ ಮೇಲೆ ಎರಡು ಕೋಟು ಬಿಳಿ ಬಳಿದು, ಅದರ ಮೇಲೆ 35.45 ಬರೆದ. ಬಣ್ಣದ ದಪ್ಪ ಲೆಕ್ಕಕ್ಕೆ ತೆಗೆದುಕೊಂಡರೆ ಆ ಗೋಡೆಯಲ್ಲಿ ಅತಿ ಭಾರದ ಧಾತು ಕ್ಲೋರಿನ್ನೇ. ಅಟೆಂಡರು ಊಟ ಮುಗಿಸಿ ಬಂದು, ಮೇಜಿನ ಫ್ಯಾನನ್ನು ಅದರ ಎದುರಿಗಿಟ್ಟು, ಜ್ವರ ಬಂದ ಮಗುವಿನ ಬಳಿ ಕೂತ ಹಾಗೆ ಕೂತ.

ಇಷ್ಟೆಲ್ಲ ನಡೆಯುತ್ತಿರುವಾಗ ಬ್ರಶ್ಶಣ್ಣನ ಒಳಗೆ ಏನೋ ತೆರೆದುಕೊಂಡಿತ್ತು. ಇಪ್ಪತ್ತೆರಡು ವರ್ಷ ತಾನು ಮಾಡಿದ ತಪ್ಪು ಏನೆಂದು ಈಗ ತಿಳಿಯಿತು. ನಡುವಿನದು ಹಿಡಿದದ್ದು ತಪ್ಪಲ್ಲ, ಎಣಿಸದೆ ಹಿಡಿದದ್ದು ತಪ್ಪು. ಸೈಕಲ್ ಅಂಗಡಿಯಲ್ಲಿ ಅಣ್ಣನ ಕಡೆ ಹೆಂಡತಿ, ಒಬ್ಬ ಮಗ ಇದ್ದರು. ತಮ್ಮ ಒಂಟಿ. ಅಂದರೆ ನಾಲ್ಕರಲ್ಲಿ ಮೂರು ಪಾಲು ಕೆಂಪು, ಒಂದು ಪಾಲು ನೀಲಿ ಬೆರೆಸಬೇಕಿತ್ತು. ಎಂಥ ಬಣ್ಣ ಬರುತ್ತಿತ್ತು. ಅವನ ಕಣ್ಣ ಮುಂದೆ ಆ ಬಣ್ಣದ ಬೋರ್ಡೊಂದು ತೇಲಿಹೋಯಿತು.

ಮೂರು ಗಂಟೆಗೆ ಮುಖ್ಯೋಪಾಧ್ಯಾಯಿನಿ ತಮ್ಮದೇ ಇನ್ನೊಂದು ಪ್ರತಿ ಹಿಡಿದು ಬಂದರು. ಪೆನ್ಸಿಲಿನ ತುದಿಯಿಂದ ನೂರಹದಿನೆಂಟನ್ನೂ ಒಂದೊಂದಾಗಿ ನೋಡಿದರು. ಹದಿನೇಳರ ಬಳಿ ಪೆನ್ಸಿಲು ನಿಂತಿತು. "ಇದೊಂದು ಯಾಕೆ ಉಬ್ಬಿದೆ?" ಎಂದರು. "ಅದು ಅನಿಲ ಮೇಡಂ," ಎಂದ ಅಟೆಂಡರು. ಅವರು ಮುಂದೆ ಹೋದರು.

ಕೊನೆಗೆ ಪೆನ್ಸಿಲನ್ನು ಕಿವಿಯ ಹಿಂದೆ ಸಿಕ್ಕಿಸಿಕೊಂಡು, "ತಪ್ಪಿಲ್ಲ. ಬರಕೊಳ್ಳಿ ನಿಮ್ಮ ಹೆಸರು," ಎಂದರು.

ಅವನಿಗೆ ಒಂದು ಕ್ಷಣ ತನ್ನ ಹೆಸರೇ ಮರೆತುಹೋಯಿತು. "ಎಲ್ಲಿ ಬರೀಲಿ ಮೇಡಂ?"

"ಕಿಟಕಿ ಕಡೆ ಮೂಲೆ. ಸಹಿ ಯಾವಾಗಲೂ ಬಲಕ್ಕೆ, ಕೆಳಗೆ."

"ಕಿಟಕಿ ಕಡೆನೇ," ಎಂದರು ಆಗಷ್ಟೇ ಬಂದ ಪಿ.ಟಿ. ಮೇಷ್ಟ್ರು. "ಸಾಲು ಮುಗಿಯೋ ಜಾಗ ಅದು."

"ಕಿಟಕಿ ಕಡೆನೇ ಬ್ರಶ್ಶಣ್ಣ, ಬೆಳಕು ಬೀಳುತ್ತೆ," ಎಂದ ಅಟೆಂಡರು.

ಹೀಗೆ ಹೇಳಿ ಮೂವರೂ ಅತಿಥಿಗಳ ಕುರ್ಚಿ ನೋಡಲು ಹೊರಟುಹೋದರು. ಮಿಸ್ಸು ಹೂಗುಚ್ಛ ತರಲು ಹೋಗಿದ್ದರು. ಬ್ರಶ್ಶಣ್ಣ ಒಬ್ಬನೇ ಉಳಿದ. ಮೂವರು ಕಿಟಕಿ ಎಂದಿದ್ದಾರೆ. ಹೆಂಡತಿ ಬಾಗಿಲು ಎಂದಿದ್ದಾಳೆ. ಹಿಂದಿನ ಬ್ರಶ್ಶಣ್ಣನಾಗಿದ್ದರೆ ನಟ್ಟನಡುವೆ ಬರೆದು ಮುಗಿಸುತ್ತಿದ್ದ. ಆದರೆ ಈಗ ಅವನಿಗೆ ಲೆಕ್ಕ ಗೊತ್ತಿತ್ತು.

ಗೋಡೆ ಹನ್ನೆರಡು ಅಡಿ. ಬಾಗಿಲಿನ ತುದಿ ಸೊನ್ನೆ, ಕಿಟಕಿಯ ತುದಿ ಹನ್ನೆರಡು. ಅಂಗೈ ಮೇಲೆ ಬರೆದುಕೊಂಡ. ಹನ್ನೆರಡು, ಹನ್ನೆರಡು, ಹನ್ನೆರಡು, ಸೊನ್ನೆ. ಕೂಡಿದರೆ ಮೂವತ್ತಾರು. ಬೆಳಿಗ್ಗೆಯಿಂದ ಕಾಡಿದ ಅಂಕಿ ಕೊನೆಗೂ ತನ್ನ ಜಾಗಕ್ಕೆ ಬಂದಿತ್ತು. ನಾಲ್ಕರಿಂದ ಭಾಗಿಸಿದರೆ ಒಂಬತ್ತು. ಯಾರ ಮಾತೂ ಹೋಗಲಿಲ್ಲ. ಹೆಂಡತಿಯ ಮಾತೂ ಅದರಲ್ಲಿ ಕಾಲು ಪಾಲು ಇದೆ.

ಬಾಗಿಲಿನಿಂದ ಒಂಬತ್ತು ಅಡಿ ಅಳೆದ. ಅಡ್ಡವಾಗಿದ್ದ ನಾಲ್ಕು ಡಬ್ಬಿಗಳನ್ನು ಪಕ್ಕಕ್ಕೆ ಸರಿಸಿ, ಅಲ್ಲೇ ತುಕ್ಕಿನ ಗುರುತುಗಳ ನಡುವೆ ಮಂಡಿಯೂರಿ ಕೂತ. ಕೋಷ್ಟಕದ ಕೆಳಗಿನ ಖಾಲಿ ಪಟ್ಟಿಯಲ್ಲಿ ಎರಡು ಅಡಿ ಉದ್ದಕ್ಕೆ, ಹಳದಿ ಅಂಚಿನ ಕೆಂಪಿನಲ್ಲಿ, ತನ್ನ ಹೆಸರು ಬರೆದ. ಮುಗಿದ ಮೇಲೆ ಬ್ರಶ್ಶನ್ನು ಬಟ್ಟೆಗೆ ಒರೆಸಿ ಎದ್ದ.

ಹೆಂಡತಿಯನ್ನು ಎದುರುಗೊಳ್ಳಲು ಗೇಟಿಗೆ ಹೋದ. ಅವಳು ಬೀರುವಿನಲ್ಲಿ ಮಡಿಸಿಟ್ಟಿದ್ದ ಒಳ್ಳೆಯ ಸೀರೆ ಉಟ್ಟು ಬಂದಿದ್ದಳು. "ಬರೆದ್ರಾ?" ಎಂದಳು. ಅವನು ತಲೆಯಾಡಿಸಿದ. ಅವಳು ಬೇರೇನೂ ಕೇಳದೆ ಸೆರಗು ಸರಿಮಾಡಿಕೊಂಡಳು. ಆ ಹೊತ್ತಿಗೆ ಶಾಲೆಯ ಒಳಗೆಲ್ಲೋ ಗಡಗಡ ಎಂದು ಭಾರಿ ಸದ್ದಾಯಿತು. ಬ್ರಶ್ಶಣ್ಣ ತಲೆಯೆತ್ತಿ ಮೋಡ ನೋಡಿದ. ಗುಡುಗಿರಬೇಕು ಎಂದುಕೊಂಡ.

ಅತಿಥಿ ಬಂದರು. ಯಾವುದೋ ಕಾಲೇಜಿನಲ್ಲಿ ಬಹುಕಾಲ ಪಾಠ ಹೇಳಿ ನಿವೃತ್ತರಾದ, ನಿಧಾನವಾಗಿ ನಡೆಯುವ ಮುದುಕರು. ಗೋಡೆಯ ಮೇಲೆ ಶಾಲೆಯ ಬಿಳಿ ಪರದೆ ಇಳಿಬಿಟ್ಟಿದ್ದರು. ಅವರು ದಾರ ಎಳೆದರು. ಮೇಲಿನಿಂದ ಪರದೆ ಕಳಚಿ ಬಿತ್ತು. ನೂರಹದಿನೆಂಟು ಮನೆಗಳ ಊರು ಸಂಜೆಯ ಬಿಸಿಲಿಗೆ ಫಳ್ಳೆಂದು ಎದ್ದಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

"ಅಕ್ಷರ ಮುತ್ತಿನ ಹಾಗಿದೆ," ಎಂದರು ಅತಿಥಿ. "ಬರೆದವರು ಯಾರು?"

"ಹೆಸರು ಅಲ್ಲೇ ಇದೆ ಸರ್," ಎಂದು ಮುಖ್ಯೋಪಾಧ್ಯಾಯಿನಿ ಕಿಟಕಿಯ ಮೂಲೆಗೆ ಕೈ ತೋರಿದರು. ಅಲ್ಲಿ ಏನೂ ಇರಲಿಲ್ಲ. ಪಿ.ಟಿ. ಮೇಷ್ಟ್ರು ಒಂದು ಕಣ್ಣು ಮುಚ್ಚಿ ಸಾಲಿನ ಕೊನೆ ನೋಡಿದರು. ಹೆಂಡತಿ ಬಾಗಿಲ ಪಕ್ಕದ ಗೋಡೆಯನ್ನು ಮೇಲಿನಿಂದ ಕೆಳಗೆ ನೋಡಿ, ಗಂಡನ ಮುಖ ನೋಡಿದಳು. ಪ್ರತಿಯೊಬ್ಬರೂ ತಾವು ಹೇಳಿದ ಜಾಗದಲ್ಲೇ ಹುಡುಕುತ್ತಿದ್ದರು.

ಬ್ರಶ್ಶಣ್ಣ ಮಾತ್ರ ಒಂಬತ್ತನೆಯ ಅಡಿಯನ್ನು ನೋಡಿದ. ಅಲ್ಲಿ, ತನ್ನ ನಾಲ್ಕು ಕಾಲನ್ನೂ ತನ್ನ ನಾಲ್ಕು ತುಕ್ಕಿನ ಗುರುತಿನ ಮೇಲೆ ಸರಿಯಾಗಿ ಊರಿಕೊಂಡು, ಎದೆಯೆತ್ತರದ ಕಬ್ಬಿಣದ ಬೀರು ನಿಂತಿತ್ತು.

"ಓಣಿಯಲ್ಲಿ ಅತಿಥಿಗಳಿಗೆ ಅಡ್ಡ ಆಗುತ್ತೆ ಅಂತ ಮೇಡಂ ಹೇಳಿದ್ರು," ಎಂದು ಅಟೆಂಡರು ಅವನ ಕಿವಿಯಲ್ಲಿ ಹೆಮ್ಮೆಯಿಂದ ಉಸುರಿದ. "ಹುಡುಗರು ಪರದೆ ಕಟ್ಟಿದ ಮೇಲೆ ನಾನೂ ಮೇಷ್ಟ್ರೂ ತಳ್ಳಿ ಗೋಡೆಗೆ ಒತ್ತಿಬಿಟ್ವಿ. ನೋಡು, ಒಂದು ಧಾತೂ ಮುಚ್ಚಿಹೋಗಿಲ್ಲ."

"ಮತ್ತೆ ಸರಿಸೋಕೆ..."

"ಆಸಿಡ್ ಬಾಟಲಿ ಎಲ್ಲಾ ತುಂಬಿಸಿದೀನಲ್ಲ. ಇನ್ನು ಹದಿನೆಂಟು ವರ್ಷ ಅದು ಅಲ್ಲಾಡಲ್ಲ."

ಮುಖ್ಯೋಪಾಧ್ಯಾಯಿನಿ ಸ್ವಲ್ಪ ಪೆಚ್ಚಾಗಿ, "ಬರೆಯಲು ಅನುಮತಿ ಕೊಟ್ಟಿದ್ದೆ ಸರ್, ಯಾಕೋ ಬರೆದೇ ಇಲ್ಲ," ಎಂದರು.

ಅತಿಥಿಗಳ ಕಣ್ಣು ಒದ್ದೆಯಾಯಿತು. ಅವರು ಬ್ರಶ್ಶಣ್ಣನನ್ನು ಹತ್ತಿರ ಕರೆದು, ಅವನ ಹೆಗಲ ಮೇಲೆ ಕೈಯಿಟ್ಟು, ಅವಕಾಶ ಸಿಕ್ಕರೂ ಹೆಸರು ಬೇಡವೆಂದವರು ಈ ಕಾಲದಲ್ಲೂ ಇದ್ದಾರೆ ಎಂಬ ವಿಷಯವಾಗಿ ಇಪ್ಪತ್ತು ನಿಮಿಷ ಮಾತಾಡಿದರು. ಮಕ್ಕಳು ಇವರಿಂದ ಕಲಿಯಬೇಕು ಎಂದರು. ಚಪ್ಪಾಳೆ ಬಹಳ ಹೊತ್ತು ನಡೆಯಿತು. ಅಂಥ ಚಪ್ಪಾಳೆಯ ಮಧ್ಯೆ, ಬೀರುವಿನ ಹಿಂದೆ ಬಗ್ಗಿ ನೋಡಿ ಎಂದು ಹೇಳುವುದು ಹೇಗೆ. ಬ್ರಶ್ಶಣ್ಣ ಕೈ ಮುಗಿದ. ಕೆಮಿಸ್ಟ್ರಿ ಮಿಸ್ಸು ಮಾತ್ರ ಬೀರು, ಅವನ ಅಂಗೈ ಮೇಲಿನ ಲೆಕ್ಕ ಎರಡನ್ನೂ ನೋಡಿ, ಹತ್ತಿರ ಬಂದು ಅಳುದನಿಯಲ್ಲಿ ಹೇಳಿದರು. "ನಾನು ಹೇಳಿದ್ದು ಪರಮಾಣುಗಳಿಗೆ ಅಣ್ಣ."

ಅತಿಥಿ ಹೋದ ಮೇಲೆ ಇನ್ನೊಂದು ಸಂಗತಿ ಬೆಳಕಿಗೆ ಬಂತು. ಪರದೆಯ ಕೆಳತುದಿ ಬೀರುವಿಗೂ ಗೋಡೆಗೂ ನಡುವೆ ಸಿಕ್ಕಿಕೊಂಡಿತ್ತು. ಅಟೆಂಡರು ಎಳೆದು ತೆಗೆದಾಗ ಮುಖ್ಯೋಪಾಧ್ಯಾಯಿನಿ ಹೌಹಾರಿದರು. ಬಿಳಿ ಬಟ್ಟೆಯ ಮೇಲೆ ಎರಡು ಅಡಿ ಉದ್ದಕ್ಕೆ ಕೆಂಪು ಹಳದಿಯ ಕಲೆ. ಹಸಿ ಬಣ್ಣದಲ್ಲಿ ಮುಕ್ಕಾಲು ಪಾಲು ಬಟ್ಟೆಗೆ ಬಂದಿತ್ತು, ಗೋಡೆಗೆ ಕಾಲು ಪಾಲು ಉಳಿದಿದ್ದರೆ ಹೆಚ್ಚು.

"ಶಾಲೆಗೆ ಇರೋದು ಇದೊಂದೇ ಪರದೆ," ಎಂದು ಅದನ್ನು ಅವನ ಕೈಗೆ ಹಾಕಿದರು. "ಬಣ್ಣ ನಿಮ್ಮದು. ಪೂರ್ತಿ ತೆಗೆದು ನಾಳೆ ಬೆಳಿಗ್ಗೆ ತಂದುಕೊಡಿ."

ಮನೆಯ ಹಿತ್ತಲಲ್ಲಿ ಬ್ರಶ್ಶಣ್ಣ ಪರದೆಯನ್ನು ತಂತಿಯ ಮೇಲೆ ಹರವಿದ. ಅವನ ಕಡೆಗೆ ಹೆಸರು ಉಲ್ಟಾ ಕಾಣುತ್ತಿತ್ತು, ಬೆಳಿಗ್ಗೆ ಪಾತ್ರೆಯ ತಳದಲ್ಲಿ ಕ್ಲೋರಿನ್ ಇದ್ದ ಹಾಗೆ. ಮುಳುಗುವ ಸೂರ್ಯನ ಬೆಳಕು ಬಟ್ಟೆಯನ್ನು ತುಂಬಿತು. ಹೆಂಡತಿ ಬಕೆಟ್ಟು ಹಿಡಿದು ಆಚೆ ಬದಿಗೆ ಹೋದವಳು ಅಲ್ಲೇ ನಿಂತುಬಿಟ್ಟಳು.

"ರೀ, ಈ ಕಡೆಯಿಂದ ಸರಿಯಾಗಿ ಕಾಣುತ್ತೆ."

ಅವಳು ಮೆಲ್ಲಗೆ, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಅವನ ಹೆಸರು ಓದಿದಳು. ಮದುವೆಯಾಗಿ ಹತ್ತೊಂಬತ್ತು ವರ್ಷಕ್ಕೆ ಮೊದಲ ಬಾರಿ ಅದು ಅವಳ ಬಾಯಲ್ಲಿ ಬಂದದ್ದು. ಬಟ್ಟೆ ಗಾಳಿಗೆ ಉಬ್ಬಿತು. ಹೆಸರು ರೆಕ್ಕೆ ಬಂದ ಹಾಗೆ ಒಂದು ಸಲ ಮೇಲೆದ್ದು ಇಳಿಯಿತು.

"ಇದನ್ನ ತೆಗೆಯೋದು ಬೇಡ," ಎಂದಳು. "ಹೀಗೇ ಇಟ್ಕೊಳ್ಳೋಣ."

ಬ್ರಶ್ಶಣ್ಣ ಸೀಮೆಎಣ್ಣೆಯ ಬಟ್ಟಲು ಹಿಡಿದು ನಿಂತ. ಪೂರ್ತಿ ತೆಗೆಯಿರಿ ಎಂದವರು ಒಬ್ಬರು. ತೆಗೆಯಬೇಡಿ ಎಂದವಳು ಒಬ್ಬಳು. ಎಣಿಸಿದ. ಮತ್ತೆ ಎಣಿಸಿದ. ಎಷ್ಟು ಸಲ ಎಣಿಸಿದರೂ ಒಂದಕ್ಕೆ ಒಂದೇ. ಅವನು ನಿಟ್ಟುಸಿರು ಬಿಟ್ಟು, ಹೆಸರಿನ ಸರಿಯಾಗಿ ನಡುವಿಗೆ ಬೆರಳಿಟ್ಟು ಗುರುತು ಮಾಡಿಕೊಂಡು, ಒಂದು ಬದಿಯಿಂದ ತಿಕ್ಕತೊಡಗಿದ. ಕೆಂಪು ಕರಗಿ ಗುಲಾಬಿಯಾಯಿತು, ಗುಲಾಬಿ ತೊಳೆದು ಸಂಜೆಯಾಯಿತು.

"ಈಗ ಓದು," ಎಂದ.

ಆಚೆಯಿಂದ ಹೆಂಡತಿಯ ಬೆರಳು ಬಟ್ಟೆಯ ಮೇಲೆ ಅತ್ತಿಂದಿತ್ತ ಸರಿಯಿತು. ಉಳಿದ ಅಕ್ಷರಗಳನ್ನು ಹಿಂದೆ ಮುಂದೆ ಓದಿ ನೋಡಿರಬೇಕು.

"ಈ ಹೆಸರಿನೋರು," ಎಂದಳು ಕೊನೆಗೆ, "ನಮ್ಮ ಬೀದಿಯಲ್ಲಿ ಯಾರೂ ಇಲ್ವಲ್ಲ ರೀ."